ಪಣಜಿಯ ಪ್ರತಿಮೆಯ ಪಾದ್ರಿ: ಗೋವೆಯ ಅಬ್ಬೆ ಫರಿಯಾ



ಹೋದ ತಿಂಗಳ ಸಭೆ ಮುಗಿದು ಚಹಾ ಕುಡಿಯುತ್ತ ನಿಂತಿದ್ದಾಗ ಇಬ್ಬರು ಮೂವರು ಹಿರಿಯರು ಒಂದು ಮಾತು ಎತ್ತಿದರು. ನಮ್ಮ ಪುಟದಲ್ಲಿ ಹಬ್ಬ, ಸನ್ಮಾನ, ನಾಟಕ, ರಾಜ್ಯೋತ್ಸವ ಎಲ್ಲ ಬರುತ್ತದೆ. ಊರು ಬಿಟ್ಟು ಬಂದು ದುಡಿಯುವ ಗಂಡಸರ ಮನಸ್ಸಿನ ಕಷ್ಟದ ಬಗ್ಗೆ ಒಂದು ಸಾಲೂ ಬರುವುದಿಲ್ಲವಲ್ಲ ಎಂದು. ನಾನು ಡಾಕ್ಟರಲ್ಲ. ಉಪದೇಶ ಬರೆಯಲು ಕೂತರೆ ನನಗೇ ನಿದ್ದೆ ಬರುತ್ತದೆ. ಹಾಗಾಗಿ ನಿದ್ದೆಯಿಂದಲೇ ಹೆಸರಾದ ಒಬ್ಬ ಮನುಷ್ಯನ ಕಥೆಯನ್ನು ಈ ಸಲ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಬಹಳ ಜನ ಅವರನ್ನು ನೋಡಿದ್ದೀರಿ. ಹೆಸರು ಗೊತ್ತಿಲ್ಲದಿರಬಹುದು ಅಷ್ಟೆ.

ಕಾರವಾರದಿಂದಲೋ ಬೆಳಗಾವಿಯಿಂದಲೋ ಬಸ್ಸಿನಲ್ಲಿ ಬಂದು ಪಣಜಿಯ ಕದಂಬ ನಿಲ್ದಾಣದಲ್ಲಿ ಇಳಿಯಿರಿ. ಹಳ್ಳದ ಮೇಲಿನ ಸೇತುವೆ ದಾಟಿ ಮಾಂಡವಿ ನದಿಯ ದಂಡೆ ಹಿಡಿದು ನಡೆದರೆ ಹಳೇ ಸೆಕ್ರೆಟರಿಯೇಟ್ ಕಟ್ಟಡ ಸಿಗುತ್ತದೆ. ಅದು ಮೊದಲು ನಮ್ಮ ಬಿಜಾಪುರದ ಆದಿಲ್‌ಶಾಹನ ಅರಮನೆಯಾಗಿತ್ತು. ಅದರ ಪಕ್ಕದಲ್ಲೇ ಒಂದು ಕಂಚಿನ ಪ್ರತಿಮೆ ಇದೆ. ನಿಲುವಂಗಿ ತೊಟ್ಟ ಒಬ್ಬ ಗಂಡಸು ಎರಡೂ ಕೈ ಚಾಚಿ ನಿಂತಿದ್ದಾನೆ. ಅವನ ಕೈಯ ಕೆಳಗೆ ಒಬ್ಬ ಹೆಂಗಸು ಹಿಂದಕ್ಕೆ ವಾಲಿ ಬೀಳುತ್ತಿದ್ದಾಳೆ. ಮೊದಲ ಸಲ ನೋಡಿದಾಗ ಇವನೇನು ಆ ಹೆಂಗಸಿನ ಕುತ್ತಿಗೆ ಹಿಸುಕಲು ಹೊರಟಿದ್ದಾನೋ ಎಂದು ನನಗೆ ಗಾಬರಿಯಾಗಿತ್ತು. ಊರಿಂದ ಬಂದ ನೆಂಟರಿಗೂ ಹಾಗೇ ಅನಿಸುತ್ತದೆ. ಇದು ಕೊಲೆಯ ದೃಶ್ಯವಲ್ಲ. ಮಾತಿನಿಂದಲೇ ಒಬ್ಬರನ್ನು ನಿದ್ದೆಗೆ ಕಳಿಸುತ್ತಿರುವ ದೃಶ್ಯ. ನಿಂತವರು ಅಬ್ಬೆ ಫರಿಯಾ. ಪ್ರತಿಮೆ ಮಾಡಿದವರು ಗೋವೆಯವರೇ ಆದ ಶಿಲ್ಪಿ ರಾಮಚಂದ್ರ ಪಾಂಡುರಂಗ ಕಾಮತ್, ನಿಲ್ಲಿಸಿದ್ದು 1945ರಲ್ಲಿ.

ಹೆಸರಿನ ಬಗ್ಗೆ ಒಂದು ಮಾತು. ಹಳೆಗನ್ನಡದಲ್ಲೂ ನಮ್ಮ ಹವ್ಯಕರ ಮನೆಗಳಲ್ಲೂ ಅಬ್ಬೆ ಎಂದರೆ ತಾಯಿ. ಫ್ರೆಂಚರಲ್ಲಿ ಅಬ್ಬೆ ಎಂದರೆ ಪಾದ್ರಿ; ಅದರ ಬೇರು ತಂದೆ ಎಂಬ ಅರ್ಥದ ಪದದಲ್ಲಿದೆ. ಈ ಮನುಷ್ಯನ ಬಾಳಿನಲ್ಲಿ ತಾಯಿ ಬೇಗ ದೂರವಾದಳು, ತಂದೆ ಬಹಳ ಕಾಲ ಜೊತೆಗಿದ್ದ. ಅದನ್ನು ನೆನೆದರೆ ಹೆಸರು ಎರಡೂ ಕಡೆಯಿಂದ ಹೊಂದುತ್ತದೆ.

ಪೂರ್ತಿ ಹೆಸರು ಜೋಸೆ ಕುಸ್ತೋದಿಯೊ ದೆ ಫರಿಯಾ. ಹುಟ್ಟಿದ್ದು 1756ರ ಮೇ ಕೊನೆಯಲ್ಲಿ, ಬಾರ್ದೇಸ್ ತಾಲ್ಲೂಕಿನ ಕಾಂದೋಳಿಯಲ್ಲಿ. ಈಗ ಹೋಟೆಲು, ರೆಸಾರ್ಟುಗಳಿಂದ ತುಂಬಿರುವ ಅದೇ ಕಾಂದೋಳಿ. ತಂದೆ ಕಾಯ್ತಾನೊ ವಿತೊರಿನೊ ದೆ ಫರಿಯಾ ಕೊಲ್ವಾಳ ಊರಿನವರು, ತಾಯಿ ರೋಜಾ ಮಾರಿಯಾ ದೆ ಸೌಜಾ ಕಾಂದೋಳಿಯವರು. ತಂದೆ ಪಾದ್ರಿಯಾಗಲು ಓದುತ್ತಿದ್ದವರು ಅದನ್ನು ಅರ್ಧಕ್ಕೆ ಬಿಟ್ಟು ಮದುವೆಯಾಗಿದ್ದರು. ಸಂಸಾರ ಹೊಂದಲಿಲ್ಲ. ಮಗ ಇನ್ನೂ ಚಿಕ್ಕವನಿದ್ದಾಗಲೇ ಚರ್ಚಿನ ಅನುಮತಿ ಪಡೆದು ಇಬ್ಬರೂ ಬೇರೆಯಾದರು. ತಂದೆ ಅರ್ಧಕ್ಕೆ ಬಿಟ್ಟ ಓದು ಮುಗಿಸಿ ಪಾದ್ರಿಯಾದರು. ತಾಯಿ ಹಳೇ ಗೋವೆಯ ಸಾಂತಾ ಮೋನಿಕಾ ಮಠಕ್ಕೆ ಸನ್ಯಾಸಿನಿಯಾಗಿ ಸೇರಿ ಮುಂದೆ ಅಲ್ಲಿಯೇ ದೊಡ್ಡ ಹುದ್ದೆಗೆ ಏರಿದರು. ಆ ಕಟ್ಟಡ ಇವತ್ತಿಗೂ ಇದೆ; ಕ್ರೈಸ್ತ ಕಲೆಯ ವಸ್ತುಸಂಗ್ರಹಾಲಯ ಇರುವುದು ಅಲ್ಲೇ. ಅದರ ದಪ್ಪ ಗೋಡೆ ನೋಡಿದಾಗೆಲ್ಲ ನನಗೆ ಆ ಹುಡುಗ ನೆನಪಾಗುತ್ತಾನೆ. ತಾಯಿ ಬದುಕಿದ್ದಾಳೆ, ಕೆಲವೇ ಹರದಾರಿ ದೂರದಲ್ಲಿದ್ದಾಳೆ, ಆದರೆ ಮನೆಗೆ ಬರುವುದಿಲ್ಲ. ತಂದೆ ಜೊತೆಗಿದ್ದಾನೆ, ಆದರೆ ಅವನೀಗ ಊರಿಗೆಲ್ಲ ಪಾದ್ರಿ.

ಆಗಿನ ಗೋವೆಯಲ್ಲಿ ಮನುಷ್ಯನನ್ನು ಅಳೆಯುತ್ತಿದ್ದುದು ಚರ್ಮದ ಬಣ್ಣದಿಂದ. ಪೋರ್ಚುಗಲ್ಲಿನಿಂದ ಬಂದ ಬಿಳಿಯರು ಮೇಲೆ, ಬೆರಕೆ ರಕ್ತದವರು ಅವರ ಕೆಳಗೆ, ಸ್ಥಳೀಯ ಕ್ರೈಸ್ತರು ಅವರಿಗಿಂತ ಕೆಳಗೆ. ಎಲ್ಲರಿಗಿಂತ ಕೆಳಗೆ ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ತುಂಬಿ ತಂದ ಆಫ್ರಿಕದ ಗುಲಾಮರು. ಸ್ಥಳೀಯ ಪಾದ್ರಿಗಳು ಎಷ್ಟೇ ಓದಿದರೂ ದೊಡ್ಡ ಹುದ್ದೆ ಸಿಗುತ್ತಿರಲಿಲ್ಲ. ಅವರನ್ನು ಕರಿಯರೆಂದು ಹೀಯಾಳಿಸುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, 1761ರಲ್ಲಿ ಲಿಸ್ಬನ್ನಿನ ಸರ್ಕಾರ ಏಷ್ಯಾದ ತನ್ನ ಕ್ರೈಸ್ತ ಪ್ರಜೆಗಳನ್ನು ಹಾಗೆ ಕರೆಯುವುದೇ ಅಪರಾಧ ಎಂದು ಕಾನೂನು ಮಾಡಬೇಕಾಯಿತು. ಗೋವೆಯ ಅಧಿಕಾರಿಗಳು ಅದನ್ನು 1774ರವರೆಗೂ ಕಪಾಟಿನಲ್ಲಿಟ್ಟುಕೊಂಡು ಕೂತರು. ಫರಿಯಾ ಹುಟ್ಟಿ ಬೆಳೆದದ್ದು ಈ ಗಾಳಿಯಲ್ಲಿ.

ಆ ಕಾನೂನಿನಲ್ಲಿ ಗುಲಾಮರ ಮಾತೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ ಆಫ್ರಿಕನ್ನರ ಸಂತತಿಯವರೇ ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಖಾನಾಪುರ ಕಡೆಯ ಸಿದ್ದಿಗಳಲ್ಲಿ ಹಲವರು. ನಮ್ಮ ಸದಸ್ಯರಲ್ಲೂ ಸಿದ್ದಿ ಮನೆತನದವರಿದ್ದಾರೆ. ಅಪ್ಪಟ ಕನ್ನಡ ಮಾತಾಡುವ ಹುಡುಗನನ್ನು ಬಸ್ಸಿನಲ್ಲಿ ಯಾವ ದೇಶ ಎಂದು ಕೇಳಿದರೆ ಅವನ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಅವರೇ ಹೇಳಬೇಕು, ನಾವು ಕೇಳಬೇಕು. 2013ರಲ್ಲಿ ಗೋವೆಯಲ್ಲಿ ಒಬ್ಬ ನೈಜೀರಿಯಾದವನ ಕೊಲೆಯಾಗಿ, ಅವನ ದೇಶದವರು ಪರ್ವರಿಯ ಹೆದ್ದಾರಿಯಲ್ಲಿ ಕೂತದ್ದು ನೆನಪಿರಬಹುದು. ಆಮೇಲೆ ಆ ಜನಕ್ಕೆ ಬಾಡಿಗೆ ಮನೆ ಕೊಡಬಾರದೆಂಬ ಮಾತು ಇಲ್ಲಿ ಬಹಿರಂಗವಾಗಿಯೇ ಕೇಳಿಬಂತು. ಘಾಂಟಿ ಎಂದು ಕರೆಸಿಕೊಂಡು ನೊಂದ ನಮ್ಮವರಲ್ಲೂ ಕೆಲವರು ಅದಕ್ಕೆ ತಲೆದೂಗಿದರು. ಅದು ನನಗೆ ಇನ್ನೂ ಬೇಸರ ತರುತ್ತದೆ.

ಫರಿಯಾ ಕಥೆಗೆ ಮರಳೋಣ. ಹುಡುಗನಿಗೆ ಹದಿನೈದು ವರ್ಷವಾದಾಗ ತಂದೆ ಅವನನ್ನು ಕರೆದುಕೊಂಡು ಹಡಗು ಹತ್ತಿದರು. 1771ರ ನವೆಂಬರಿನಲ್ಲಿ ಲಿಸ್ಬನ್ ತಲುಪಿದರು. ಅಲ್ಲಿಂದ ರೋಮ್. ಹುಡುಗ ಅಲ್ಲಿಯ ಮಿಷನರಿ ಕಾಲೇಜಿನಲ್ಲಿ ಓದಿ 1780ರಲ್ಲಿ ಪಾದ್ರಿಯಾದರು, ದೇವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಆ ಪ್ರಬಂಧವನ್ನು ಪೋರ್ಚುಗಲ್ಲಿನ ರಾಣಿ ಮಾರಿಯಾ ಮತ್ತು ಅವಳ ಗಂಡನಿಗೆ ಅರ್ಪಿಸಿದ್ದರು. ಇನ್ನೊಂದು ಬರಹವನ್ನು ಪೋಪ್ ಆರನೆಯ ಪಯಸ್‌ಗೆ ಅರ್ಪಿಸಿದಾಗ ಪೋಪ್ ಎದುರಿಗೇ ಪ್ರವಚನ ಮಾಡುವ ಅವಕಾಶ ಸಿಕ್ಕಿತು. ಕಾಂದೋಳಿಯ ಹುಡುಗನಿಗೆ ಇದು ಸಣ್ಣ ಮಾತಲ್ಲ.

ಲಿಸ್ಬನ್ನಿಗೆ ಮರಳಿದ ಮೇಲೆ ನಡೆದದ್ದೆಂದು ಹೇಳುವ ಒಂದು ಪ್ರಸಂಗ ಗೋವೆಯ ಪ್ರತಿ ಮನೆಯಲ್ಲೂ ಗೊತ್ತು. ದಾಖಲೆಗಿಂತ ಬಾಯಿಂದ ಬಾಯಿಗೆ ಬಂದ ಕಥೆ ಎಂದೇ ಇದನ್ನು ಓದಿಕೊಳ್ಳಿ. ರಾಣಿ ತನ್ನ ಕೆಲೂಸ್ ಅರಮನೆಯ ಪ್ರಾರ್ಥನಾ ಮಂದಿರದಲ್ಲಿ ಪ್ರವಚನಕ್ಕೆ ಕರೆಸಿದಳು. ಫರಿಯಾ ಮೆಟ್ಟಿಲು ಹತ್ತಿ ವೇದಿಕೆಯ ಮೇಲೆ ನಿಂತರು. ಕೆಳಗೆ ರೇಷ್ಮೆ ತೊಟ್ಟ ದೊಡ್ಡ ಮನುಷ್ಯರ ಸಾಲು, ಎದುರಿಗೆ ರಾಣಿ. ಅಷ್ಟು ಬಿಳಿ ಮುಖಗಳ ನಡುವೆ ಎತ್ತರದಲ್ಲಿ ಒಂದೇ ಕಪ್ಪು ಮುಖ. ಗಂಟಲು ಕಟ್ಟಿತು. ಬರೆದು ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಬೆವರು ಇಳಿಯಿತು.

ವೇದಿಕೆಯ ಹತ್ತಿರ ಕೂತಿದ್ದ ತಂದೆ ಮಗನ ಸ್ಥಿತಿ ಕಂಡರು. ಆ ಅರಮನೆಯಲ್ಲಿ ಮತ್ತಾರಿಗೂ ತಿಳಿಯದ ಕೊಂಕಣಿಯಲ್ಲಿ ಮೆಲ್ಲಗೆ ಒಂದು ಮಾತು ಹೇಳಿದರು. ಇವರೆಲ್ಲ ಬರೀ ತರಕಾರಿ, ನೀನು ತರಕಾರಿ ಹೆಚ್ಚಿಕೊಂಡು ಹೋಗು ಮಗನೇ ಎಂಬ ಅರ್ಥದ ಮಾತು. ಅಷ್ಟೇ. ಎದುರಿಗಿದ್ದ ದೊಡ್ಡವರೆಲ್ಲ ಒಂದು ಕ್ಷಣ ಬದನೆಕಾಯಿ, ಸೋರೆಕಾಯಿಗಳಾದರು. ಗಂಟಲು ಬಿಟ್ಟಿತು, ಪ್ರವಚನ ಹರಿಯಿತು. ಆ ಭಾಜಿಯ ಮಾತು ಇಂದಿಗೂ ಕೊಂಕಣಿಗರಲ್ಲಿ ನಾಣ್ಣುಡಿಯ ಹಾಗೆ ಉಳಿದಿದೆ. ಪರೀಕ್ಷೆಗೆ ಹೋಗುವ ಹುಡುಗರಿಗೆ ಹೇಳಿ ಕಳಿಸುತ್ತಾರೆ.

ಈ ಕಥೆ ಹೇಳುವವರು ಸಾಮಾನ್ಯವಾಗಿ ನಕ್ಕು ಅಲ್ಲಿಗೆ ಬಿಡುತ್ತಾರೆ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ತಂದೆ ಮಾಡದೇ ಬಿಟ್ಟದ್ದು. ಬೈಯಲಿಲ್ಲ. ಗಂಡಸಾಗಿ ಹೆದರುತ್ತೀಯಾ ಎಂದು ಕೇಳಲಿಲ್ಲ. ಮನೆತನದ ಮಾನ ತೆಗೆದೆ ಎನ್ನಲಿಲ್ಲ. ಮಗ ಹೆದರಿದ್ದಾನೆ ಎಂಬುದನ್ನು ಇದ್ದ ಹಾಗೆ ಒಪ್ಪಿಕೊಂಡು, ಅವನಿಗೆ ಹುಟ್ಟಿನಿಂದ ಬಂದ ಭಾಷೆಯಲ್ಲಿ, ಅಡುಗೆಮನೆಯ ಒಂದು ಚಿತ್ರ ಕೊಟ್ಟರು. ಕೆಲವು ವರ್ಷದ ಹಿಂದೆ ನಾನೂ ರಾಜ್ಯೋತ್ಸವದ ವೇದಿಕೆಯಲ್ಲಿ ಸ್ವಾಗತ ಭಾಷಣಕ್ಕೆ ನಿಂತು, ಮುಖ್ಯ ಅತಿಥಿಗಳ ಹೆಸರೇ ಮರೆತು, ಬೆಪ್ಪನಂತೆ ನಿಂತಿದ್ದೆ. ಕೆಳಗಿನಿಂದ ಒಬ್ಬರು ನೀರಿನ ಬಾಟಲಿ ಕೊಟ್ಟರು. ಆ ನೀರಿಗಿಂತ ಅದನ್ನು ಕೊಟ್ಟ ಕೈ ನನ್ನನ್ನು ಕಾಪಾಡಿತು. ಆಮೇಲೆ ಒಂದು ವಾರ ಯಾರಿಗೂ ಮುಖ ತೋರಿಸಲು ನಾಚಿಕೆಯಾಗಿತ್ತು ಎಂಬುದನ್ನು ಮನೆಯಲ್ಲೂ ಹೇಳಿರಲಿಲ್ಲ. ಇವತ್ತು ಇಲ್ಲಿ ಬರೆಯುತ್ತಿದ್ದೇನೆ.

ಮುಂದಿನ ಕೆಲವು ವರ್ಷ ತಂದೆ ಮಗ ಇಬ್ಬರೂ ಲಿಸ್ಬನ್ನಿನಲ್ಲಿದ್ದರು. ಊರಿಂದ ಬರುವ ಅಸಮಾಧಾನದ ಪಾದ್ರಿಗಳಿಗೆ ತಂದೆಯ ಮನೆಯೇ ತಂಗುದಾಣ. 1787ರಲ್ಲಿ ಗೋವೆಯಲ್ಲಿ ಪೋರ್ಚುಗೀಸರನ್ನು ಓಡಿಸುವ ಒಂದು ಸಂಚು ಬಯಲಾಯಿತು. ಕಾಂದೋಳಿಯ ಪಿಂಟೊ ಮನೆತನದ ಹೆಸರಿನಿಂದ ಅದನ್ನು ಪಿಂಟೊ ಬಂಡಾಯ ಎನ್ನುತ್ತಾರೆ. 47 ಜನರನ್ನು ಹಿಡಿದರು, ಅದರಲ್ಲಿ 17 ಜನ ಪಾದ್ರಿಗಳು. 1788ರಲ್ಲಿ 15 ಜನರನ್ನು ಪಣಜಿಯಲ್ಲಿ ಗಲ್ಲಿಗೇರಿಸಿದರು. ಪಾದ್ರಿಗಳನ್ನು ಲಿಸ್ಬನ್ನಿನ ಸೆರೆಮನೆಗೆ ಸಾಗಿಸಿದರು. ಫರಿಯಾ ತಂದೆ ಮಗನ ಮೇಲೂ ಸಂಶಯ ಬಿತ್ತು. 1788ರಲ್ಲೇ ಮಗ ಪ್ಯಾರಿಸ್ಸಿಗೆ ಹೋದರು. ಗೋವೆಗೆ ಮತ್ತೆ ಎಂದೂ ಬರಲಿಲ್ಲ.

ಅಲ್ಲಿಗೆ ಹೋಗಿ ಒಂದು ವರ್ಷಕ್ಕೆ ಫ್ರೆಂಚ್ ಕ್ರಾಂತಿ. 1795ರ ಅಕ್ಟೋಬರಿನ ಬಂಡಾಯದಲ್ಲಿ ಅವರೂ ಒಂದು ತಂಡದ ಮುಂದೆ ನಿಂತಿದ್ದರಂತೆ. ಪಾದ್ರಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಕೇಳಬಹುದು. ಊರು ಹೋಯಿತು, ಹುದ್ದೆ ಹೋಯಿತು, ತಂದೆ ದೂರ. ಅಂಥವನು ಎಲ್ಲೋ ಒಂದು ಕಡೆ ಸೇರಿಕೊಳ್ಳಲು ನೋಡುತ್ತಾನೆ. ಮುಂಬೈಗೆ, ದುಬೈಗೆ ಹೋದ ನಮ್ಮ ಹುಡುಗರು ಮೊದಲ ವರ್ಷ ಯಾವ ಯಾವ ಗುಂಪಿನಲ್ಲಿ ಕಾಣಿಸಿಕೊಳ್ಳುತ್ತಾರೆ ನೋಡಿದ್ದೇವಲ್ಲ.

ಆಗ ಪ್ಯಾರಿಸ್ಸಿನಲ್ಲಿ ಮೆಸ್ಮರ್ ಎಂಬ ವೈದ್ಯನ ವಿದ್ಯೆ ಹೆಸರು ಮಾಡಿತ್ತು. ದೇಹದಿಂದ ದೇಹಕ್ಕೆ ಅಯಸ್ಕಾಂತದಂತಹ ಒಂದು ದ್ರವ ಹರಿಯುತ್ತದೆ, ಅದನ್ನು ಸರಿಪಡಿಸಿದರೆ ರೋಗ ಹೋಗುತ್ತದೆ ಎಂಬುದು ಅವನ ವಾದ. 1784ರಲ್ಲಿ ಫ್ರೆಂಚ್ ರಾಜ ನೇಮಿಸಿದ ಸಮಿತಿ ಇದನ್ನು ಪರೀಕ್ಷಿಸಿತು. ಬೆಂಜಮಿನ್ ಫ್ರಾಂಕ್ಲಿನ್, ಲವ್ವಾಸಿಯೆ ಅದರಲ್ಲಿದ್ದರು. ಅಂಥ ದ್ರವವೇನೂ ಇಲ್ಲ, ಎಲ್ಲ ರೋಗಿಯ ಕಲ್ಪನೆ ಎಂದು ಸಮಿತಿ ಬಾಗಿಲು ಮುಚ್ಚಿತು. ಆದರೂ ಮೆಸ್ಮರನ ಶಿಷ್ಯ ಪ್ಯುಸೆಗ್ಯೂರ್ ಆ ವಿದ್ಯೆಯನ್ನು ಮುಂದುವರಿಸಿದ್ದ. ಫರಿಯಾ ಅವನ ಸ್ನೇಹಿತರಾಗಿ ಅದನ್ನು ಕಲಿತರು.

ಕಲಿತ ಹೊಸದರಲ್ಲಿ ಬಡಾಯಿಯೂ ಇತ್ತು. ಶಾತೊಬ್ರಿಯಾಂ ಎಂಬ ಫ್ರೆಂಚ್ ಲೇಖಕ ತನ್ನ ನೆನಪುಗಳಲ್ಲಿ ಒಂದು ಊಟದ ಪ್ರಸಂಗ ಬರೆದಿದ್ದಾನೆ. ನೋಟದಿಂದಲೇ ಒಂದು ಹಕ್ಕಿಯನ್ನು ಕೊಲ್ಲಬಲ್ಲೆ ಎಂದು ಫರಿಯಾ ಹೇಳಿದರಂತೆ. ಕ್ಯಾನರಿ ಹಕ್ಕಿ ತಂದಿಟ್ಟರು. ಹಕ್ಕಿಗೆ ಏನೂ ಆಗಲಿಲ್ಲ. ಹಕ್ಕಿಯೇ ತನ್ನನ್ನು ಕೊಂದೀತೆಂದು ಪಾದ್ರಿ ಎದ್ದು ಹೋಗಬೇಕಾಯಿತು ಎಂದು ಲೇಖಕ ತಮಾಷೆ ಮಾಡುತ್ತಾನೆ. ನಗು ಬರುತ್ತದೆ ನಿಜ. ಆದರೆ ಆ ಮೇಜಿನ ಸುತ್ತ ಕೂತವರಿಗೆ ಈ ಕಂದು ಬಣ್ಣದ ಪರದೇಶಿ ಪಾದ್ರಿ ಒಂದು ಮೋಜಿನ ವಸ್ತುವಾಗಿದ್ದ ಎಂಬುದೂ ಅದರಲ್ಲಿ ಕಾಣುತ್ತದೆ. ಮೋಜಿನ ವಸ್ತುವಾದವನು ಒಮ್ಮೊಮ್ಮೆ ತಾನೇ ಆ ವೇಷ ಹಾಕಿಕೊಳ್ಳುತ್ತಾನೆ.

1811ರಲ್ಲಿ ಮಾರ್ಸೇಯ್ ಊರಿನ ಶಾಲೆಯಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕನ ಕೆಲಸ ಸಿಕ್ಕಿತು. ಅಲ್ಲಿಯ ವೈದ್ಯಕೀಯ ಸಂಘ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು. ಆ ಮರ್ಯಾದೆ ಬಹಳ ದಿನ ಉಳಿಯಲಿಲ್ಲ. ನೀಮ್ ಎಂಬ ಊರಿಗೆ ಕೆಳಗಿನ ಹುದ್ದೆಗೆ ವರ್ಗವಾಯಿತು. ಬೇಸತ್ತು ಪ್ಯಾರಿಸ್ಸಿಗೆ ಮರಳಿದರು. 1813ರ ಆಗಸ್ಟಿನಲ್ಲಿ ಕ್ಲಿಶಿ ಬೀದಿಯ 49ನೇ ನಂಬರಿನ ಮನೆಯಲ್ಲಿ ಸಾರ್ವಜನಿಕ ತರಗತಿ ಶುರುಮಾಡಿದರು. ಪ್ರವೇಶ ಶುಲ್ಕ ಐದು ಫ್ರಾಂಕ್. ಆಗ ಅವರಿಗೆ 57 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಪಿಂಚಣಿಯ ಲೆಕ್ಕ ಹಾಕುತ್ತೇವೆ.

ಅವರ ವಿಧಾನ ಸರಳವಾಗಿತ್ತು. ಬಂದವರನ್ನು ಕುರ್ಚಿಯಲ್ಲಿ ಆರಾಮವಾಗಿ ಕೂರಿಸುವುದು. ಕಣ್ಣು ಮುಚ್ಚಿ ನಿದ್ದೆಯ ಮೇಲೆ ಗಮನ ಇಡಲು ಹೇಳುವುದು. ಸ್ವಲ್ಪ ಹೊತ್ತು ಬಿಟ್ಟು ಗಟ್ಟಿ ದನಿಯಲ್ಲಿ, ಆದರೆ ಶಾಂತವಾಗಿ, ನಿದ್ದೆ ಮಾಡಲು ಅಪ್ಪಣೆ ಕೊಡುವುದು. ಕೆಲವರಿಗೆ ಒಂದೇ ಸಲಕ್ಕೆ ಆಗುತ್ತಿತ್ತು, ಕೆಲವರಿಗೆ ಎರಡು ಮೂರು ಸಲ, ಕೆಲವರಿಗೆ ಆಗುತ್ತಲೇ ಇರಲಿಲ್ಲ. ಆಗದವರನ್ನು ಅವರು ಸುಮ್ಮನೆ ಕಳಿಸುತ್ತಿದ್ದರು. ಮೆಸ್ಮರನ ತೊಟ್ಟಿ, ಕಬ್ಬಿಣದ ಸರಳು, ವಾದ್ಯ ಸಂಗೀತ, ಕೈ ನೀವುವುದು ಯಾವುದೂ ಇಲ್ಲ. ಹೀಗೆ ಐದು ಸಾವಿರಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗ ಮಾಡಿದ್ದಾಗಿ ಅವರು ಹೇಳಿಕೊಂಡಿದ್ದಾರೆ. ಬರೀ ನೀರು ಕೊಟ್ಟು ಇದು ಬೇರೆ ಪಾನೀಯ ಎಂದರೆ ನಿದ್ದೆಯಲ್ಲಿದ್ದವನ ನಾಲಗೆಗೆ ಆ ರುಚಿಯೇ ಸಿಗುತ್ತಿತ್ತು.

ಇದಕ್ಕಿಂತ ದೊಡ್ಡದು ಅವರು ಕೊಟ್ಟ ಕಾರಣ. ನನ್ನ ಕೈಯಲ್ಲಿ ಯಾವ ಶಕ್ತಿಯೂ ಇಲ್ಲ, ನನ್ನಿಂದ ನಿಮಗೆ ಯಾವ ದ್ರವವೂ ಹರಿಯುವುದಿಲ್ಲ, ನಿದ್ದೆ ಬರುವುದು ನಿಮ್ಮ ಮನಸ್ಸು ಅದನ್ನು ಒಪ್ಪಿದ್ದರಿಂದ ಎಂದು ಅವರು ಕಲಿಸಿದರು. ಸ್ವಲ್ಪ ಯೋಚಿಸಿ. ಎದುರಿಗೆ ಜನ ಐದು ಫ್ರಾಂಕ್ ಕೊಟ್ಟು ಪವಾಡ ನೋಡಲು ಬಂದಿದ್ದಾರೆ. ಪೂರ್ವ ದೇಶದಿಂದ ಬಂದ ನಿಗೂಢ ಪಾದ್ರಿ ಎಂಬ ಖ್ಯಾತಿ ಇದೆ. ನನ್ನಲ್ಲಿ ದಿವ್ಯಶಕ್ತಿ ಇದೆ ಎಂದಿದ್ದರೆ ದುಡ್ಡೂ ಬರುತ್ತಿತ್ತು, ಕಾಲಿಗೂ ಬೀಳುತ್ತಿದ್ದರು. ಅವರು ಅದಕ್ಕೆ ತದ್ವಿರುದ್ಧ ಹೇಳಿದರು. ಕೆಲಸ ಮಾಡುವುದು ನಿಮ್ಮೊಳಗಿನದೇ, ನಾನು ಪಕ್ಕದಲ್ಲಿ ನಿಂತವನು ಮಾತ್ರ. ಅರಮನೆಯ ವೇದಿಕೆಯ ಪಕ್ಕದಲ್ಲಿ ಕೂತು ತಂದೆ ಮಾಡಿದ್ದೂ ಅಷ್ಟೇ ತಾನೇ? ಒಂದು ಮಾತು ಮನುಷ್ಯನ ಮೈಯ ಬೆವರನ್ನೇ ನಿಲ್ಲಿಸಬಲ್ಲದು ಎಂಬುದು ಅವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು ಎಂದೇ ಅವರ ಜೀವನ ಬರೆದವರು ಆ ಭಾಜಿಯ ಕಥೆಯನ್ನು ಇಲ್ಲಿಗೆ ತಂದು ಜೋಡಿಸುತ್ತಾರೆ. ಕಥೆ ನಿಜವೋ ಅಲ್ಲವೋ, ಜೋಡಣೆ ಮಾತ್ರ ಸರಿಯಾಗಿದೆ.

ಎಲ್ಲವೂ ಸರಿ ಹೇಳಿದರು ಎಂದಲ್ಲ. ರಕ್ತ ತೆಳ್ಳಗಿರುವವರಿಗೆ ಈ ನಿದ್ದೆ ಬೇಗ ಬರುತ್ತದೆ ಎಂದು ಅವರು ನಂಬಿದ್ದರು, ಅದಕ್ಕೆ ಆಧಾರವಿರಲಿಲ್ಲ. ಬರವಣಿಗೆಯೂ ಗೋಜಲು.

ಜನ ಮೆಚ್ಚಿದ ಹಾಗೇ ಬೈದರು ಕೂಡ. ಚರ್ಚಿನವರು ಇದು ಸೈತಾನನ ಕೆಲಸ ಎಂದರು. ಮೆಸ್ಮರನ ಅನುಯಾಯಿಗಳಿಗೆ ದ್ರವವನ್ನೇ ಅಲ್ಲಗಳೆದ ಕೋಪ. ಪತ್ರಿಕೆಗಳಿಗೆ ಅವರ ಬಣ್ಣವೂ ಫ್ರೆಂಚ್ ಉಚ್ಚಾರವೂ ತಮಾಷೆಯ ಸರಕು. ಒಂದು ದಿನ ಒಬ್ಬ ನಟ ತರಗತಿಗೆ ಬಂದು ನಿದ್ದೆ ಬಂದವನಂತೆ ನಟಿಸಿ, ನಡುವೆ ಕಣ್ಣು ಬಿಟ್ಟು ಎಲ್ಲರೆದುರು ಅವರನ್ನು ಮೋಸಗಾರ ಎಂದು ಸಾರಿದ. 1816ರಲ್ಲಿ ಪ್ಯಾರಿಸ್ಸಿನ ರಂಗಮಂದಿರದಲ್ಲಿ ಈ ನಿದ್ದೆಯ ಹುಚ್ಚನ್ನು ಅಣಕಿಸುವ ಪ್ರಹಸನವೇ ಬಂತು. ಊರಿಗೆ ಊರೇ ನಕ್ಕಿತು. ತರಗತಿ ನಿಂತಿತು.

ಅರವತ್ತರ ಗಂಡಸು. ಹೆಂಡತಿ ಮಕ್ಕಳಿಲ್ಲ, ತನ್ನ ಭಾಷೆಯಲ್ಲಿ ಮಾತಾಡಲು ಪಕ್ಕದಲ್ಲಿ ಒಬ್ಬರೂ ಇಲ್ಲ, ಕೆಲಸವೂ ಹೋಯಿತು, ಬೀದಿಯಲ್ಲಿ ನಡೆದರೆ ಬೆರಳು ತೋರಿಸಿ ನಗುತ್ತಾರೆ. ಇಂಥ ಸ್ಥಿತಿಯಲ್ಲಿ ಬಾಟಲಿ ಹಿಡಿದವರನ್ನು ನಾವು ನೋಡಿದ್ದೇವೆ. ರೂಮಿನ ಬಾಗಿಲು ಹಾಕಿಕೊಂಡವರನ್ನೂ ನೋಡಿದ್ದೇವೆ; ಅವರಲ್ಲಿ ಒಬ್ಬಿಬ್ಬರನ್ನು ಊರಿಗೆ ಕಳಿಸಲು ಆಂಬುಲೆನ್ಸಿಗೆ ನಾವೇ ಪಟ್ಟಿ ಎತ್ತಿದ್ದೇವೆ. ಫರಿಯಾ ಹೆಣ್ಣುಮಕ್ಕಳ ಒಂದು ಶಾಲೆಯಲ್ಲಿ ಪಾದ್ರಿಯ ಸಣ್ಣ ಕೆಲಸ ಹಿಡಿದರು. ಊಟ ವಸತಿಗೆ ಆಯಿತು. ನಂತರ ಬರೆಯಲು ಕೂತರು.

ಎಚ್ಚರದ ನಿದ್ದೆಯ ಕಾರಣವನ್ನೂ ಮನುಷ್ಯನ ಸ್ವಭಾವವನ್ನೂ ಕುರಿತ ಆ ಫ್ರೆಂಚ್ ಪುಸ್ತಕ 1819ರಲ್ಲಿ ಅಚ್ಚಾಯಿತು. ಇನ್ನೂ ಸಂಪುಟಗಳ ಯೋಚನೆ ಇತ್ತು, ಬಂದದ್ದು ಮೊದಲನೆಯದು ಮಾತ್ರ. ಅರ್ಪಣೆ ಹಳೆಯ ಸ್ನೇಹಿತ ಪ್ಯುಸೆಗ್ಯೂರ್‌ಗೆ, ಅವನ ಸಿದ್ಧಾಂತವನ್ನು ಒಪ್ಪದಿದ್ದರೂ. ಮುಖಪುಟದಲ್ಲಿ ತಮ್ಮ ಹೆಸರಿನ ಮುಂದೆ ಬ್ರಾಹ್ಮಣ ಎಂದು ಹಾಕಿಕೊಂಡರು. ಅವರ ಪೂರ್ವಜರು ಮತಾಂತರಕ್ಕೆ ಮೊದಲು ಸಾರಸ್ವತ ಬ್ರಾಹ್ಮಣರೆಂದು ಮನೆತನದ ನಂಬಿಕೆ. ನನಗೆ ಇದು ಇರಿಸುಮುರಿಸಿನ ವಿಷಯ. ಬಣ್ಣ ನೋಡಿ ಕೀಳೆಂದವರಿಗೆ ಅವರು ಜಾತಿ ತೋರಿಸಿ ಉತ್ತರ ಕೊಟ್ಟರು. ಅವರದೇ ಗೋವೆಯಿಂದ ಘಟ್ಟ ಹತ್ತಿದ ಆಫ್ರಿಕದವನಿಗೆ ತೋರಿಸಲು ಅದೂ ಇರಲಿಲ್ಲ. ಆದರೆ ಮೂವತ್ತು ವರ್ಷ ಪರದೇಶದಲ್ಲಿ ನಗೆಗೀಡಾದ ಮನುಷ್ಯ ತಾನು ಯಾರೂ ಅಲ್ಲದವನಲ್ಲ ಎಂದು ಒಂದು ಸಲ ಅಚ್ಚಿನಲ್ಲಿ ಹೇಳಿಕೊಳ್ಳಲು ಬಯಸಿದ ಎಂಬುದು ಅರ್ಥವಾಗುತ್ತದೆ.

ಅದೇ ವರ್ಷ ಸೆಪ್ಟೆಂಬರ್ 20ರಂದು ಮೆದುಳಿನ ಆಘಾತದಿಂದ ತೀರಿಕೊಂಡರು. ಮೋಂಮಾರ್ತ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಗುರುತಿನ ಕಲ್ಲೂ ಇಲ್ಲ.

ಆಮೇಲಿನದು ಬೇಗ ಹೇಳುತ್ತೇನೆ. ಇಪ್ಪತ್ತು ಚಿಲ್ಲರೆ ವರ್ಷದ ಮೇಲೆ ಜೇಮ್ಸ್ ಬ್ರೇಯ್ಡ್ ಎಂಬ ಬ್ರಿಟಿಷ್ ವೈದ್ಯ ಇದೇ ವಿದ್ಯೆಗೆ ಹಿಪ್ನಾಟಿಸಂ ಎಂಬ ಹೆಸರನ್ನು ನೆಲೆಗೊಳಿಸಿದ. ಫ್ರಾನ್ಸಿನ ನಾನ್ಸಿ ಊರಿನ ವೈದ್ಯರಾದ ಲಿಯೆಬೊ ಮತ್ತು ಬರ್ನ್‌ಹೈಮ್ ಮಾತಿನ ಸೂಚನೆಯಿಂದ ರೋಗಿಗಳನ್ನು ಉಪಚರಿಸುತ್ತ ಫರಿಯಾ ಹೇಳಿದ್ದೇ ಸರಿ ಎಂದು ಒಪ್ಪಿದರು. 1889ರಲ್ಲಿ ಫ್ರಾಯ್ಡ್ ನಾನ್ಸಿಗೆ ಹೋಗಿ ಆ ಚಿಕಿತ್ಸೆ ನೋಡಿ ಬಂದ. ಮಾತಾಡಿ ಮನಸ್ಸಿಗೆ ಮದ್ದು ಮಾಡುವ ಇವತ್ತಿನ ಕೌನ್ಸೆಲಿಂಗ್ ಕೋಣೆಗೆ ಕಾಂದೋಳಿಯಿಂದಲೂ ಒಂದು ಕಾಲುದಾರಿ ಹೋಗಿದೆ. ಗೋವೆ ಮೂಲದ ಡಾ. ದಾಲ್ಗಾದೊ 1906ರಲ್ಲಿ ಅವರ ಜೀವನವನ್ನು ಫ್ರೆಂಚ್‌ನಲ್ಲಿ ಬರೆದರು. 1925ರಲ್ಲಿ ಪೋರ್ಚುಗಲ್ಲಿನ ಏಗಾಸ್ ಮೋನಿಜ್ ಬರೆದರು; ಅವರಿಗೆ ಮುಂದೆ 1949ರಲ್ಲಿ ನೊಬೆಲ್ ಬಂತು. ಕಾದಂಬರಿ ಓದುವವರಿಗೆ ಫರಿಯಾ ಇನ್ನೊಂದು ರೂಪದಲ್ಲಿ ಗೊತ್ತು. ಅಲೆಕ್ಸಾಂಡರ್ ಡೂಮಾ ಬರೆದ ಕೌಂಟ್ ಆಫ್ ಮಾಂಟೆ ಕ್ರಿಸ್ಟೊದಲ್ಲಿ ಸೆರೆಮನೆಯ ನೆಲ ಕೊರೆದು ಪಕ್ಕದ ಕೋಣೆಯ ಯುವಕನನ್ನು ತಲುಪುವ ಮುದಿ ಪಾದ್ರಿಯ ಹೆಸರು ಅಬ್ಬೆ ಫರಿಯಾ. ಡೂಮಾ ಅವರನ್ನು ಇಟಲಿಯವರನ್ನಾಗಿ ಮಾಡಿದ. ಆ ಡೂಮಾನ ಅಜ್ಜಿ ಆಫ್ರಿಕದ ಮೂಲದ ಗುಲಾಮ ಹೆಂಗಸು. ಬಣ್ಣದ ಮೇಲಿನ ಹೀಯಾಳಿಕೆ ಅವನಿಗೂ ತಪ್ಪಿರಲಿಲ್ಲ. ಕಾದಂಬರಿಯಲ್ಲಿ ಸಾಯಲು ಹೊರಟ ಯುವಕನನ್ನು ಉಳಿಸುವುದು ಗೋಡೆಯಾಚೆಯಿಂದ ಬಂದ ಸದ್ದು, ಆಮೇಲೆ ದಿನದಿನವೂ ನಡೆಯುವ ಮಾತುಕತೆ.

ಮಡಗಾಂವಿನಲ್ಲಿ ಅವರ ಹೆಸರಿನ ರಸ್ತೆ ಇದೆ. ನಮ್ಮ ಎಷ್ಟೋ ಸದಸ್ಯರು ದಿನಾ ಅದರ ಮೇಲೆ ಓಡಾಡುತ್ತಾರೆ. ಪಣಜಿಯ ಹಳೆಯ ಮಾನಸಿಕ ಆಸ್ಪತ್ರೆಗೂ ಅವರ ಹೆಸರಿತ್ತು. ಅದೇ ಮುಂದೆ ಬಾಂಬೋಳಿಯ ಮನೋವೈದ್ಯ ಸಂಸ್ಥೆಯಾಯಿತು, ಜನ ಐಪಿಎಚ್‌ಬಿ ಎನ್ನುತ್ತಾರೆ. ನಮ್ಮವರಿಗೆ ಆ ಹೆಸರು ಕೇಳಿದರೆ ಹುಚ್ಚಾಸ್ಪತ್ರೆ ಎಂಬ ಹೆದರಿಕೆ. ನಿದ್ದೆ ಬರುತ್ತಿಲ್ಲ, ಎದೆ ಡವಗುಟ್ಟುತ್ತದೆ, ಕಾರಣವಿಲ್ಲದೆ ಕಣ್ಣೀರು ಬರುತ್ತದೆ ಎಂದು ಹೇಳಿಕೊಂಡು ಅಲ್ಲಿಯ ಹೊರರೋಗಿ ವಿಭಾಗಕ್ಕೆ ಹೋಗಬಹುದು. ಧಾರವಾಡದ ಕಡೆಯವರಿಗೆ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹೋಗಲು ಸಂಕೋಚವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರು 14416. ದುಡ್ಡಿಲ್ಲ, ಹೊತ್ತುಗೊತ್ತಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈ ಸೆಪ್ಟೆಂಬರ್ 20ಕ್ಕೆ ಅನುಕೂಲವಾದವರು ಸಂಜೆ ಪಣಜಿಯ ಆ ಪ್ರತಿಮೆಯ ಹತ್ತಿರ ಸೇರೋಣ ಎಂದುಕೊಂಡಿದ್ದೇವೆ. ಭಾಷಣ, ಹಾರ, ಶಾಲು ಏನೂ ಇಲ್ಲ. ನದಿ ದಂಡೆಯಲ್ಲಿ ಕೂತು ಒಂದು ಗಂಟೆ ಮಾತಾಡುವುದು, ಆಮೇಲೆ ಚಹಾ. ಕಾರವಾರ, ಸದಾಶಿವಗಡದ ಕಡೆಯಿಂದ ಬರುವವರು ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡು ಬನ್ನಿ. ಪಕ್ಕದ ರೂಮಿನಲ್ಲಿರುವ, ಇತ್ತೀಚೆಗೆ ಯಾರ ಜೊತೆಗೂ ಸೇರದ ಆ ಒಬ್ಬನನ್ನೂ ಕರೆದುಕೊಂಡು ಬನ್ನಿ.